ವಿಮಾನಕ್ಕೆ ಅಪಾಯಕಾರಿ ಸರಕು: ಲೋಡ್ ಯೋಜಿಸುವ ಎಕ್ಸ್‌ಪರ್ಟ್ ಸಿಸ್ಟಮ್ ಕಟ್ಟುವ ಬಗೆ

ಹಾಸನದ ಕೈಗಾರಿಕಾ ಬೆಳವಣಿಗೆ ಕೇಂದ್ರದಿಂದ ಹೊರಟ ಪೆಟ್ಟಿಗೆಯೊಂದು ಹಿರೀಸಾವೆ, ಬೆಳ್ಳೂರು ಕ್ರಾಸ್, ಕುಣಿಗಲ್, ನೆಲಮಂಗಲ ದಾಟಿ ದೇವನಹಳ್ಳಿಯ ಕಾರ್ಗೋ ಟರ್ಮಿನಲ್ ಸೇರುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಅಲ್ಲಿನ ಕೌಂಟರಿನಲ್ಲಿ ಲೇಬಲ್ ನೋಡಿದವರು ‘ಇದು ಹೋಗುವುದಿಲ್ಲ’ ಎಂದರೆ ಅದೇ ದಾರಿಯಲ್ಲಿ ವಾಪಸ್. ಬಾಡಿಗೆ ದಂಡ, ಗ್ರಾಹಕನ ಬೈಗುಳ ಬೇರೆ. ಆದರೂ ವಾಪಸ್ ಬಂದದ್ದು ಪುಣ್ಯವೇ ಸರಿ. ಯಾರ ಕಣ್ಣಿಗೂ ಬೀಳದೆ ವಿಮಾನ ಹತ್ತಿದ ಪೆಟ್ಟಿಗೆಯೇ ನಿಜವಾಗಿ ಹೆದರಿಸುವಂಥದ್ದು.

ಹಾಸನ, ಚಿಕ್ಕಮಗಳೂರಿನ ಸರಕು ಏಜೆಂಟರು, ಕಾರ್ಖಾನೆಗಳ ರವಾನೆ ವಿಭಾಗದವರು, ಕೊನೆಯ ವರ್ಷದ ಪ್ರಾಜೆಕ್ಟಿಗೆ ಗಟ್ಟಿ ವಿಷಯ ಹುಡುಕುತ್ತಿರುವ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಈ ಬರಹವನ್ನು ಉಪಯೋಗಿಸಿಕೊಳ್ಳಬಹುದು. ನಾವು ಕಟ್ಟುವ ವ್ಯವಸ್ಥೆ ಮಾಡಬೇಕಾದದ್ದು ಇಷ್ಟು: ಯಾವ ಪೆಟ್ಟಿಗೆ ಹೋಗಬಹುದು, ಯಾವ ಬಗೆಯ ವಿಮಾನದಲ್ಲಿ ಹೋಗಬಹುದು, ಯಾವುದರ ಪಕ್ಕ ಯಾವುದನ್ನು ಇಡಬಾರದು ಎಂಬುದನ್ನು ಸರಕು ಊರು ಬಿಡುವ ಮೊದಲೇ ಹೇಳಬೇಕು. ವಿಮಾನದೊಳಗಿನ ಅಂತಿಮ ಜಾಗ, ತೂಕದ ಸಮತೋಲನ ವಿಮಾನಯಾನ ಸಂಸ್ಥೆಯ ಲೋಡ್ ಯೋಜಕರ ಕೆಲಸ. ಅದಕ್ಕೆ ಕೈ ಹಾಕಬೇಡಿ.

ಎಕ್ಸ್‌ಪರ್ಟ್ ಸಿಸ್ಟಮ್ ಹೊಸದೇನಲ್ಲ. ಅನುಭವಿಯ ತಿಳಿವಳಿಕೆಯನ್ನು ‘ಹೀಗಿದ್ದರೆ ಹೀಗೆ’ ಎಂಬ ನಿಯಮಗಳಾಗಿ ಬರೆದಿಟ್ಟು, ಮುಂದಿರುವ ಸಂಗತಿಗಳಿಗೆ ಅವನ್ನು ಹಚ್ಚಿ ತೀರ್ಮಾನ ತೆಗೆಯುವ ಕಾರ್ಯಕ್ರಮ ಅದು. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪುಗೊಂಡ ಮೈಸಿನ್ ಸೋಂಕುರೋಗಗಳಿಗೆ ಔಷಧ ಸೂಚಿಸುತ್ತಿತ್ತು. 1980ರ ದಶಕದಲ್ಲಿ ಅಮೆರಿಕದ ಸೇನೆ ಸರಕು ವಿಮಾನಗಳಿಗೆ ವಾಹನ, ಸಾಮಗ್ರಿ ಜೋಡಿಸಲು ಇದೇ ಬಗೆಯ ವ್ಯವಸ್ಥೆಯನ್ನು ಬಳಸಿತು. ಇಂದಿನ ಮಾತನಾಡುವ ಎಐಗಳ ಎದುರು ಇದು ಹಳೆಯ ಕಾಲದ್ದು ಎನಿಸಬಹುದು. ಆದರೆ ಈ ಕೆಲಸಕ್ಕೆ ಹಳೆಯದೇ ಸರಿ. ಒಂದೇ ಪ್ರಶ್ನೆಗೆ ಬೆಳಿಗ್ಗೆ ಒಂದು, ಸಂಜೆ ಒಂದು ಉತ್ತರ ಕೊಡುವ ಯಂತ್ರವನ್ನು ನಂಬಿ ಆಸಿಡ್ ಕಳುಹಿಸಲಾಗದು.

ಮೊದಲು ಪುಸ್ತಕ, ಆಮೇಲೆ ಕಂಪ್ಯೂಟರ್

ನಿಯಮಗಳ ಮೂಲ ಎರಡು. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯಾದ ಐಸಿಎಒ ಎರಡು ವರ್ಷಕ್ಕೊಮ್ಮೆ ಹೊರತರುವ ತಾಂತ್ರಿಕ ಸೂಚನೆಗಳು ಒಂದು. ಅದರ ಮೇಲೆ ವಿಮಾನ ಸಂಸ್ಥೆಗಳ ಕಟ್ಟುಪಾಡುಗಳನ್ನೂ ಸೇರಿಸಿ ಆ ಸಂಸ್ಥೆಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಐಎಟಿಎ ಪ್ರತಿ ವರ್ಷ ಪ್ರಕಟಿಸುವ ಅಪಾಯಕಾರಿ ಸರಕುಗಳ ಕೈಪಿಡಿ ಇನ್ನೊಂದು. ಕೌಂಟರಿನಲ್ಲಿ ಎಲ್ಲರ ಕೈಯಲ್ಲಿರುವುದು ಎರಡನೆಯದು. ಭಾರತದಲ್ಲಿ ಇವುಗಳ ಪಾಲನೆಯನ್ನು ನೋಡಿಕೊಳ್ಳುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಹಳೆಯ ವರ್ಷದ ಪುಸ್ತಕದ ಫೋಟೊಕಾಪಿ ಇಟ್ಟುಕೊಂಡು ಈ ಕೆಲಸಕ್ಕೆ ಇಳಿಯಬೇಡಿ. ಪುಸ್ತಕ ದುಬಾರಿ ಎಂಬುದು ನಿಜ, ಆದರೂ ಕೊಳ್ಳಲೇಬೇಕಾದ ಖರ್ಚು ಅದೊಂದೇ.

ಸರಕುಗಳ ವರ್ಗ ಒಂಬತ್ತು: ಸ್ಫೋಟಕ, ಅನಿಲ, ಹೊತ್ತಿಕೊಳ್ಳುವ ದ್ರವ, ಹೊತ್ತಿಕೊಳ್ಳುವ ಘನ, ಆಕ್ಸಿಡೈಸರ್ (ಬೇರೆ ವಸ್ತು ಉರಿಯಲು ನೆರವಾಗುವಂಥದ್ದು) ಮತ್ತು ಸಾವಯವ ಪೆರಾಕ್ಸೈಡ್, ವಿಷ ಮತ್ತು ಸೋಂಕು, ವಿಕಿರಣಶೀಲ, ಕೊರೆಯುವ ರಾಸಾಯನಿಕ, ಇತರೆ. ಇವುಗಳಲ್ಲಿ ಸ್ಫೋಟಕ ಮತ್ತು ವಿಕಿರಣಶೀಲ ವಸ್ತುಗಳಿಗೆ ನಿಮ್ಮ ಸಿಸ್ಟಮ್‌ನಲ್ಲಿ ಒಂದೇ ನಿಯಮ ಸಾಕು: ‘ನಿಲ್ಲಿಸಿ, ತಜ್ಞರಿಗೆ ಕಳುಹಿಸಿ.’ ನಮ್ಮ ಕಡೆಯಿಂದ ಅವು ಹೋಗುವುದೇ ಅಪರೂಪ. ಅಪರೂಪದ್ದಕ್ಕೆ ನಿಯಮ ಬರೆಯುತ್ತ ಕುಳಿತರೆ ದಿನನಿತ್ಯದ್ದು ಹಿಂದೆ ಬೀಳುತ್ತದೆ.

ಪೆಟ್ಟಿಗೆಯ ಜಾತಕ

ಎರಡನೆಯ ಹೆಜ್ಜೆ, ಪ್ರತಿ ಪೆಟ್ಟಿಗೆಗೂ ಒಂದು ದಾಖಲೆ ಮಾಡುವುದು. ಯುಎನ್ ಸಂಖ್ಯೆ (ವಸ್ತುವನ್ನು ಗುರುತಿಸುವ ನಾಲ್ಕಂಕಿಯ ಸಂಖ್ಯೆ), ನಿಗದಿತ ಹೆಸರು, ಮುಖ್ಯ ಅಪಾಯದ ವರ್ಗ, ಅದರ ಜೊತೆಗಿರುವ ಉಪ ಅಪಾಯ, ಪ್ಯಾಕಿಂಗ್ ಗುಂಪು (ಅಪಾಯದ ತೀವ್ರತೆ, ಒಂದು ಎಂದರೆ ಅತಿ ಹೆಚ್ಚು), ನಿವ್ವಳ ಪ್ರಮಾಣ, ಒಳಬಾಟಲಿಯ ಅಳತೆ, ಪ್ಯಾಕಿಂಗ್ ಸೂಚನೆಯ ಸಂಖ್ಯೆ. ಇವುಗಳಲ್ಲಿ ಹೆಚ್ಚಿನವು ವಸ್ತುವಿನ ಸುರಕ್ಷತಾ ಮಾಹಿತಿ ಪತ್ರದಲ್ಲೇ ಸಿಗುತ್ತವೆ. ಹದಿನಾರು ಭಾಗಗಳ ಆ ಪತ್ರದಲ್ಲಿ 14ನೆಯದು ಸಾಗಣೆಗೆ ಸಂಬಂಧಿಸಿದ್ದು, 9ನೆಯದರಲ್ಲಿ ಜ್ವಲನ ಬಿಂದು (ದ್ರವದ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆ), ಕುದಿಬಿಂದು ಇರುತ್ತವೆ.

14ನೆಯ ಭಾಗವನ್ನು ಕಣ್ಣುಮುಚ್ಚಿ ನಂಬದೆ 9ನೆಯದರ ಜೊತೆ ತಾಳೆ ನೋಡುವಂತೆ ಸಿಸ್ಟಮ್‌ಗೆ ಹೇಳಿಕೊಡಿ. ಜ್ವಲನ ಬಿಂದು 60 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ದ್ರವ ಮೂರನೆಯ ವರ್ಗಕ್ಕೆ ಸೇರುತ್ತದೆ. ಕುದಿಬಿಂದು 35 ಡಿಗ್ರಿ ಮೀರದಿದ್ದರೆ ಪ್ಯಾಕಿಂಗ್ ಗುಂಪು ಒಂದು. ಕುದಿಬಿಂದು ಅದಕ್ಕಿಂತ ಹೆಚ್ಚಿದ್ದು, ಜ್ವಲನ ಬಿಂದು 23 ಡಿಗ್ರಿಗಿಂತ ಕಡಿಮೆ ಇದ್ದರೆ ಎರಡು. 23ರಿಂದ 60ರವರೆಗೆ ಮೂರು. ಕಾಫಿಗೆ ಪರಿಮಳ ಕೊಡುವ ಆಲ್ಕೋಹಾಲ್ ಆಧಾರಿತ ಸಾರದ ಪತ್ರದಲ್ಲಿ 9ನೆಯ ಭಾಗ ಜ್ವಲನ ಬಿಂದು 18 ಡಿಗ್ರಿ ಎಂದೂ, 14ನೆಯ ಭಾಗ ‘ಅಪಾಯಕಾರಿ ಅಲ್ಲ’ ಎಂದೂ ಹೇಳುತ್ತಿದ್ದರೆ ಎರಡರಲ್ಲಿ ಒಂದು ತಪ್ಪು. ಆಹಾರ ಪದಾರ್ಥ ತಾನೆ ಎಂಬ ಸಲಿಗೆಯಿಂದ ತುಂಬಿದ ಕಾಲಂ ಅದು. ಮನುಷ್ಯರಿಗೆ ಕಾಫಿಯ ಘಮ ಮೂಗಿಗೆ ಬಡಿದರೆ ಅನುಮಾನ ಬರುವುದಿಲ್ಲ. ಯಂತ್ರಕ್ಕೆ ಮೂಗಿಲ್ಲದಿರುವುದು ಇಲ್ಲಿ ಅನುಕೂಲ.

‘ಇಲ್ಲ’ ಬೇರೆ, ‘ಗೊತ್ತಿಲ್ಲ’ ಬೇರೆ

ಇಡೀ ಕೆಲಸದ ಜೀವಾಳ ಈ ಹೆಜ್ಜೆಯಲ್ಲಿದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

1996ರ ಮೇ 11ರಂದು ಮಯಾಮಿಯಿಂದ ಹೊರಟ ವ್ಯಾಲ್ಯೂಜೆಟ್ 592 ವಿಮಾನ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬಿದ್ದು 110 ಮಂದಿ ಸತ್ತರು. ಸರಕಿನ ಕೋಣೆಯಲ್ಲಿ ಬೆಂಕಿ ಹೊತ್ತಿಸಿದ್ದು ಬೇರೆ ವಿಮಾನಗಳಿಂದ ಬಿಚ್ಚಿದ ರಾಸಾಯನಿಕ ಆಮ್ಲಜನಕ ಉತ್ಪಾದಕಗಳು. ಅವಧಿ ಮೀರಿದ್ದವು, ಆದರೆ ಬಹಳಷ್ಟು ಬಳಕೆಯಾಗಿರಲಿಲ್ಲ. ಸುರಕ್ಷತಾ ಮುಚ್ಚಳವನ್ನೂ ಹಾಕಿರಲಿಲ್ಲ. ಕಾಗದದಲ್ಲಿ ಮಾತ್ರ ‘ಖಾಲಿ’ ಎಂದು ಬರೆದಿತ್ತು. ಖಾಲಿಯೇ ಎಂದು ಯಾರೂ ಖಚಿತಪಡಿಸಿಕೊಂಡಿರಲಿಲ್ಲ, ಆದರೂ ಖಾಲಿ ಎಂದು ದಾಖಲಾಗಿತ್ತು.

ನಿಮ್ಮ ಸಿಸ್ಟಮ್ ಇದೇ ತಪ್ಪನ್ನು ಮಾಡುವ ಸಾಧ್ಯತೆ ಅದರ ಹುಟ್ಟಿನಲ್ಲೇ ಇದೆ. ನಿಯಮ ಬರೆಯಲು ಬಳಸುವ ಪ್ರೊಲಾಗ್ ಭಾಷೆಯಲ್ಲಿ ದಾಖಲೆಯಲ್ಲಿ ಸಿಗದ ಸಂಗತಿ ಸುಳ್ಳು ಎಂದೇ ಲೆಕ್ಕ. ‘ಈ ಪೆಟ್ಟಿಗೆಗೆ ಉಪ ಅಪಾಯ ಇಲ್ಲವೇ?’ ಎಂದು ಕೇಳಿದರೆ, ಆ ಕಾಲಂ ತುಂಬದೇ ಬಿಟ್ಟಿದ್ದರೂ ‘ಹೌದು, ಇಲ್ಲ’ ಎಂದು ಉತ್ತರಿಸಿಬಿಡುತ್ತದೆ. ನಾಸಾದ ಜಾನ್ಸನ್ ಬಾಹ್ಯಾಕಾಶ ಕೇಂದ್ರದಲ್ಲಿ 1985ರಲ್ಲಿ ಹುಟ್ಟಿದ, ಇಂದಿಗೂ ಉಚಿತವಾಗಿ ಸಿಗುವ ಕ್ಲಿಪ್ಸ್‌ನಲ್ಲೂ ‘ಇಲ್ಲದಿದ್ದರೆ’ ಎಂಬ ಷರತ್ತು ಹೀಗೆಯೇ ನಡೆದುಕೊಳ್ಳುತ್ತದೆ. ಎಕ್ಸೆಲ್ ಕೂಡ ಲೆಕ್ಕದಲ್ಲಿ ಖಾಲಿ ಕೋಶವನ್ನು ಸೊನ್ನೆ ಎಂದು ಓದುತ್ತದೆ.

ಹಾಗಾಗಿ ಪ್ರತಿ ಕಾಲಂಗೂ ಮೂರು ಬೆಲೆ ಇಡಿ: ಹೌದು, ಇಲ್ಲ, ಗೊತ್ತಿಲ್ಲ. ಹೊಸ ದಾಖಲೆ ತೆರೆದಾಗ ಎಲ್ಲವೂ ‘ಗೊತ್ತಿಲ್ಲ’ ಎಂದೇ ಇರಲಿ. ಯಾರಾದರೂ ನೋಡಿ, ಕೇಳಿ, ತಮ್ಮ ಹೆಸರಿನೊಂದಿಗೆ ತುಂಬಿದಾಗ ಮಾತ್ರ ಅದು ಬದಲಾಗಬೇಕು. ‘ಗೊತ್ತಿಲ್ಲ’ ಇರುವ ಪೆಟ್ಟಿಗೆಗೆ ಯಾವ ನಿಯಮವೂ ಒಪ್ಪಿಗೆ ಕೊಡಬಾರದು.

ಹೈಡ್ರೋಜನ್ ಪೆರಾಕ್ಸೈಡನ್ನು ಉದಾಹರಣೆಗೆ ತೆಗೆದುಕೊಳ್ಳಿ. ಬಟ್ಟೆ ಬಿಳುಪು ಮಾಡುವಲ್ಲಿ, ಹಾಲಿನ ಪೊಟ್ಟಣವನ್ನು ಕ್ರಿಮಿಮುಕ್ತ ಮಾಡುವಲ್ಲಿ ಬಳಸುವ ದ್ರಾವಣ ಅದು. ಪರೀಕ್ಷೆಗೆಂದು ಮಾದರಿ ಬಾಟಲಿ ಹೊರಡುತ್ತದೆ ಎಂದಿಟ್ಟುಕೊಳ್ಳೋಣ. ಸಾಂದ್ರತೆ ಶೇ 8ಕ್ಕಿಂತ ಕಡಿಮೆ ಇದ್ದರೆ ಅಪಾಯಕಾರಿ ಸರಕಿನ ಲೆಕ್ಕಕ್ಕೇ ಬರುವುದಿಲ್ಲ. ಶೇ 8ರಿಂದ 20ಕ್ಕಿಂತ ಕಡಿಮೆ ಇದ್ದರೆ ಯುಎನ್ 2984. ಶೇ 20ರಿಂದ 40ರವರೆಗೆ ಯುಎನ್ 2014, ಸಣ್ಣ ಪ್ರಮಾಣದಲ್ಲಿ ಒಯ್ಯಬಹುದು. ಶೇ 40 ದಾಟಿದರೆ ವಿಮಾನದಲ್ಲಿ ನಿಷಿದ್ಧ. ಕಾರ್ಖಾನೆಗಳಲ್ಲಿ ಶೇ 35ರದ್ದೂ ಇರುತ್ತದೆ, ಶೇ 50ರದ್ದೂ ಇರುತ್ತದೆ. ನೋಡಲು ಎರಡೂ ನೀರಿನ ಹಾಗೆ. ನಿಯಮ ಹೀಗಿರಲಿ:

ಹೀಗಿದ್ದರೆ: ವಸ್ತು ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣ, ಸಾಂದ್ರತೆ ‘ಗೊತ್ತಿಲ್ಲ’.
ಆಗ: ತಡೆ ಹಿಡಿ, ‘ಬಾಟಲಿಯ ಲೇಬಲ್‌ನಲ್ಲಿ ಸಾಂದ್ರತೆ ಶೇಕಡಾ ಎಷ್ಟು?’ ಎಂದು ಕೇಳು. ಉತ್ತರ ಕೊಟ್ಟವರ ಹೆಸರು, ಸಮಯ ಬರೆದುಕೊ.

ಆಗ ರವಾನೆ ವಿಭಾಗದ ಹುಡುಗ ಕಾರ್ಖಾನೆಗೆ ಫೋನ್ ಮಾಡುತ್ತಾನೆ. ‘ಸರ್, ಪೆರಾಕ್ಸೈಡ್ ಎಷ್ಟು ಪರ್ಸೆಂಟ್?’ ಆ ಕಡೆಯಿಂದ, ‘ಮಾಮೂಲಿ ಇರುವುದೇ ಕಣಪ್ಪ.’ ಈ ‘ಮಾಮೂಲಿ’ಯನ್ನು ತುಂಬಲು ಪರದೆಯ ಮೇಲೆ ಜಾಗವೇ ಇರಬಾರದು. ಅಂಕಿ ಬಂದರೆ ಮುಂದೆ, ಇಲ್ಲವಾದರೆ ಬಾಟಲಿ ಹಾಸನದಲ್ಲೇ ಇರಲಿ.

ಚಿಕ್ಕಮಗಳೂರಿನ ತೋಟಗಳಿಗೆ ಈಗ ಔಷಧ ಸಿಂಪಡಿಸುವ ಡ್ರೋನ್‌ಗಳು ಬಂದಿವೆ. ಅವುಗಳ ಬ್ಯಾಟರಿಗೂ ಇಂಥದೇ ಪ್ರಶ್ನೆಗಳ ಸಾಲು ಬೇಕು. ಮೊದಲನೆಯದು: ಬ್ಯಾಟರಿ ಒಂಟಿಯಾಗಿ ಹೋಗುತ್ತದೆಯೇ, ಯಂತ್ರದ ಜೊತೆಗೆ ಪ್ಯಾಕ್ ಆಗಿದೆಯೇ, ಯಂತ್ರದೊಳಗೇ ಇದೆಯೇ? ಒಂಟಿ ಲಿಥಿಯಂ ಅಯಾನ್ ಬ್ಯಾಟರಿ ಯುಎನ್ 3480. 2016ರ ಏಪ್ರಿಲ್ 1ರಿಂದ ಅದನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಒಯ್ಯುವಂತಿಲ್ಲ, ಸರಕು ವಿಮಾನದಲ್ಲೂ ಚಾರ್ಜ್ ಶೇ 30ನ್ನು ಮೀರಬಾರದು. ಉಳಿದೆರಡು ಸಂದರ್ಭಗಳಲ್ಲಿ ಯುಎನ್ 3481. ಎರಡನೆಯದು: ಎಷ್ಟು ವ್ಯಾಟ್-ಅವರ್? 44.4 ವೋಲ್ಟ್, 16 ಆಂಪಿಯರ್-ಅವರ್ ಎಂದಿದ್ದರೆ ಗುಣಿಸಿದಾಗ 710.4. ನೂರರ ಗಡಿ ದಾಟಿದ್ದರಿಂದ ಪೂರ್ತಿ ಒಂಬತ್ತನೆಯ ವರ್ಗದ ಕಟ್ಟುಪಾಡು. ಗುಣಾಕಾರವನ್ನು ಸಿಸ್ಟಮ್ ಮಾಡಲಿ, ಮನುಷ್ಯರು ಎರಡು ಅಂಕಿಗಳನ್ನಷ್ಟೇ ಓದಿ ಹೇಳಲಿ. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ: ಬ್ಯಾಟರಿ ಉಬ್ಬಿದೆಯೇ, ಬಿದ್ದು ಪೆಟ್ಟಾಗಿದೆಯೇ? ಸಿಲ್ವರ್ ಓಕ್ ಮರಕ್ಕೆ ಬಡಿದು ಕಾಫಿ ಗಿಡಗಳ ನಡುವೆ ಬಿದ್ದ ಡ್ರೋನ್ ರಿಪೇರಿಗೆಂದು ಹೊರಟಿರುತ್ತದೆ. ಹಾನಿಗೊಂಡು ಬಿಸಿಯೇರುವ, ಹೊತ್ತಿಕೊಳ್ಳುವ ಸಂಭವವಿರುವ ಬ್ಯಾಟರಿ ವಿಮಾನ ಹತ್ತುವಂತಿಲ್ಲ. ‘ರಿಪೇರಿಗೆ’ ಎಂಬ ಪದ ಕಂಡ ಕೂಡಲೇ ಈ ಪ್ರಶ್ನೆ ತಾನಾಗಿ ಏಳುವ ಹಾಗೆ ನಿಯಮ ಬರೆಯಿರಿ.

ನಿಯಮಗಳನ್ನು ಪದರಗಳಲ್ಲಿ ಜೋಡಿಸಿ

ಎಲ್ಲ ನಿಯಮಗಳನ್ನೂ ಒಂದೇ ಗುಡ್ಡೆಯಾಗಿ ಸುರಿದರೆ ಯಾವುದು ಯಾವಾಗ ಕೆಲಸ ಮಾಡುತ್ತದೆ ಎಂಬುದು ಬರೆದವರಿಗೇ ತಿಳಿಯದಾಗುತ್ತದೆ. ಮೊದಲ ಪದರದಲ್ಲಿ ಪೂರ್ತಿ ನಿಷಿದ್ಧವಾದವು. ಎರಡನೆಯದರಲ್ಲಿ ಸರಕು ವಿಮಾನಕ್ಕೆ ಮಾತ್ರ ಸಲ್ಲುವಂಥವು. ಮೂರನೆಯದರಲ್ಲಿ ಪ್ರತಿ ಪೆಟ್ಟಿಗೆಯ ಪ್ರಮಾಣದ ಮಿತಿ. ನಾಲ್ಕನೆಯದರಲ್ಲಿ ಪೆಟ್ಟಿಗೆ ಪೆಟ್ಟಿಗೆಗಳ ನಡುವಿನ ಅಂತರ. ಇವೆಲ್ಲದರ ಮೇಲೆ ದೇಶಗಳ, ವಿಮಾನ ಸಂಸ್ಥೆಗಳ ವಿಶೇಷ ಷರತ್ತುಗಳು. ಎರಡು ನಿಯಮಗಳು ಬೇರೆ ಬೇರೆ ಹೇಳಿದರೆ ಬಿಗಿಯಾದದ್ದೇ ಗೆಲ್ಲಬೇಕು.

ಮೂರನೆಯ ಪದರದಲ್ಲಿ ಒಂದು ಲೆಕ್ಕ ಬರುತ್ತದೆ. ಒಂದೇ ಹೊರಪೆಟ್ಟಿಗೆಯೊಳಗೆ ಒಂದಕ್ಕಿಂತ ಹೆಚ್ಚು ಬಗೆಯ ಅಪಾಯಕಾರಿ ವಸ್ತು ಇದ್ದರೆ, ಪ್ರತಿಯೊಂದರ ಪ್ರಮಾಣವನ್ನು ಅದರ ಗರಿಷ್ಠ ಮಿತಿಯಿಂದ ಭಾಗಿಸಿ ಕೂಡಿದಾಗ ಮೊತ್ತ 1ನ್ನು ಮೀರಬಾರದು. ಇದಕ್ಕೆ ಕ್ಯೂ ಬೆಲೆ ಎನ್ನುತ್ತಾರೆ. ಪ್ರಯಾಣಿಕರ ವಿಮಾನದಲ್ಲಿ ಅಸಿಟೋನಿಗೆ (ಪ್ಯಾಕಿಂಗ್ ಗುಂಪು 2) ಮಿತಿ 5 ಲೀಟರ್, ಗುಂಪು 3ರ ಬಣ್ಣಕ್ಕೆ 60 ಲೀಟರ್. ಎರಡು ಲೀಟರ್ ಅಸಿಟೋನ್, ಮೂವತ್ತು ಲೀಟರ್ ಬಣ್ಣ ಸೇರಿದರೆ 0.4 ಮತ್ತು 0.5, ಒಟ್ಟು 0.9. ಹೋಗಬಹುದು. ಅಸಿಟೋನ್ ಮೂರು ಲೀಟರ್ ಆದರೆ 1.1. ಹೋಗುವಂತಿಲ್ಲ. ಅದೇ ಪೆಟ್ಟಿಗೆಗೆ ಸರಕು ವಿಮಾನದ ಮಿತಿಗಳನ್ನು (60 ಮತ್ತು 220 ಲೀಟರ್) ಹಾಕಿದರೆ ಮೊತ್ತ 0.2ನ್ನೂ ಮುಟ್ಟುವುದಿಲ್ಲ. ಇಲ್ಲೊಂದು ಎಚ್ಚರಿಕೆ. ಉತ್ತರ ಒಪ್ಪಿಗೆಯಾಗುವವರೆಗೆ ವಿಮಾನದ ಬಗೆ ಬದಲಾಯಿಸುವ ಚಾಳಿ ಸಿಸ್ಟಮ್‌ಗೆ ಬರಬಾರದು. ಆ ಊರಿಗೆ ಸರಕು ವಿಮಾನ ಇದೆಯೇ ಎಂಬುದನ್ನು ಮೊದಲೇ ಕೇಳಿಸಿಕೊಂಡು ಬೀಗ ಹಾಕಿಡಿ. ಒಳಬಾಟಲಿಗಳ ಮಿತಿ ಬೇರೆಯೇ ಇದೆ, ಅದನ್ನೂ ಪರೀಕ್ಷಿಸಬೇಕು. ಡ್ರೈ ಐಸ್ ಮಾತ್ರ ಈ ಕೂಡಿಕೆಗೆ ಬರುವುದಿಲ್ಲ.

ಯಾರ ಪಕ್ಕ ಯಾರು

ಅಂತರದ ವಿಷಯದಲ್ಲಿ ಒಂದೊಂದು ಜೋಡಿಗೂ ಒಂದೊಂದು ನಿಯಮ ಬರೆಯುವ ಗೋಜಿಗೆ ಹೋಗಬೇಡಿ. ಕೈಪಿಡಿಯ ಕೋಷ್ಟಕವನ್ನು ಹಾಗೆಯೇ ದತ್ತಾಂಶವಾಗಿ ತುಂಬಿ, ಅದನ್ನು ಓದುವ ಒಂದೇ ನಿಯಮ ಬರೆಯಿರಿ. ಮುಂದಿನ ವರ್ಷ ಕೋಷ್ಟಕ ಬದಲಾದರೆ ದತ್ತಾಂಶ ಬದಲಾಯಿಸಿದರೆ ಸಾಕು. ಮೂರನೆಯ ವರ್ಗದ ದ್ರವವನ್ನು 5.1ರ (ಐದನೆಯ ವರ್ಗದ ಮೊದಲ ಉಪವಿಭಾಗದ) ಆಕ್ಸಿಡೈಸರ್ ಪಕ್ಕ ಇಡುವಂತಿಲ್ಲ. ತಾನಾಗಿಯೇ ಹೊತ್ತಿಕೊಳ್ಳುವ 4.2 ಮತ್ತು 5.1 ಕೂಡ ಹಾಗೆಯೇ. ನೀರು ತಗುಲಿದರೆ ಅಪಾಯವಾಗುವ 4.3ನ್ನು ಎಂಟನೆಯ ವರ್ಗದ ಆಸಿಡ್‌ಗಳ ಪಕ್ಕ ಇಡುವಂತಿಲ್ಲ. ಒಂಟಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು 2.1 (ಹೊತ್ತಿಕೊಳ್ಳುವ ಅನಿಲ), 3, 4.1 (ಹೊತ್ತಿಕೊಳ್ಳುವ ಘನ), 5.1 ಇವುಗಳಿಂದ ದೂರ ಇಡಬೇಕು. ಒಂದರಿಂದ ಸೋರಿದ್ದು ಇನ್ನೊಂದನ್ನು ಮುಟ್ಟಬಾರದು ಎಂಬುದೇ ಇದರ ತಿರುಳು.

ಹೋಲಿಕೆ ಮಾಡುವಾಗ ಮುಖ್ಯ ಅಪಾಯದ ಜೊತೆ ಉಪ ಅಪಾಯವನ್ನೂ ತೆಗೆದುಕೊಳ್ಳಬೇಕು. ಶೇ 35ರ ಪೆರಾಕ್ಸೈಡಿಗೆ ಮುಖ್ಯ ಅಪಾಯ 5.1, ಉಪ ಅಪಾಯ 8. ಹಾಗಾಗಿ ಅದು ಅಸಿಟೋನಿಗೂ ಆಗದು, ಬ್ಯಾಟರಿಗೂ ಆಗದು, ಸೋಡಿಯಂಗೂ ಆಗದು. ಒಂದೇ ದಿನ ಅಸಿಟೋನ್, ಪೆರಾಕ್ಸೈಡ್, ಡ್ರೋನ್ ಬ್ಯಾಟರಿ ಮೂರೂ ಬಂದವೆನ್ನಿ. ಈ ಮೂವರೂ ಒಂದೂರಿನ ದಾಯಾದಿಗಳಂತೆ, ಯಾರಿಗೆ ಯಾರೂ ಆಗುವುದಿಲ್ಲ. ಮೂರು ಬೇರೆ ಜಾಗ ಬೇಕೇ ಬೇಕು. ನಾಲ್ಕನೆಯದಾಗಿ ಡ್ರೈ ಐಸ್‌ನಲ್ಲಿಟ್ಟ ಔಷಧ ಮಾದರಿ ಬಂದರೆ ಕೋಷ್ಟಕದಲ್ಲಿ ಅದಕ್ಕೆ ಯಾರೊಂದಿಗೂ ತಕರಾರಿಲ್ಲ. ಆದರೆ ಡ್ರೈ ಐಸ್ ಕರಗದೆ ಕಾರ್ಬನ್ ಡೈಆಕ್ಸೈಡ್ ಅನಿಲವಾಗಿ ಹೊರಬರುತ್ತದೆ. ಅದೇ ಕೋಣೆಯಲ್ಲಿ ನಾಯಿಮರಿಯೋ ಕೋಳಿಮರಿಯೋ ಇದ್ದರೆ ಉಸಿರುಗಟ್ಟೀತು. ಇದು ಕೋಷ್ಟಕದ ಆಚೆಗಿನ ನಿಯಮ, ಪ್ರತ್ಯೇಕವಾಗಿ ಬರೆಯಬೇಕು.

ನಾಲ್ಕು ಪೆಟ್ಟಿಗೆಗೆ ಆರು ಜೋಡಿ, ಕಣ್ಣಲ್ಲೇ ನೋಡಿಬಿಡಬಹುದು. ಹನ್ನೆರಡು ಪೆಟ್ಟಿಗೆಗೆ 66 ಜೋಡಿ. ರಾತ್ರಿ ಹತ್ತರ ಲಾರಿಗೆ ತುಂಬುವ ಗಡಿಬಿಡಿಯಲ್ಲಿ 66 ಜೋಡಿಗಳನ್ನು ಒಂದೂ ತಪ್ಪದೆ ನೋಡುವವರು ಸಿಗುವುದಿಲ್ಲ. ಎಕ್ಸ್‌ಪರ್ಟ್ ಸಿಸ್ಟಮ್ ತನ್ನ ಸಂಬಳವನ್ನು ದುಡಿದುಕೊಳ್ಳುವುದು ಇಲ್ಲಿಯೇ.

‘ಏಕೆ?’ ಎಂದರೆ ಉತ್ತರ ಕೊಡಲಿ

ಬಳಸುವವರು ‘ಈ ಪ್ರಶ್ನೆ ಏಕೆ ಕೇಳುತ್ತಿದ್ದೀಯ, ಈ ತೀರ್ಮಾನಕ್ಕೆ ಹೇಗೆ ಬಂದೆ’ ಎಂದು ವಿಚಾರಿಸಿದರೆ ಮೈಸಿನ್ ತಾನು ನಡೆದ ನಿಯಮಗಳನ್ನು ತೋರಿಸುತ್ತಿತ್ತು. ಈ ಗುಣವನ್ನು ಬಿಡಬೇಡಿ. ‘ತಿರಸ್ಕೃತ’ ಎಂಬ ಕೆಂಪು ಅಕ್ಷರವನ್ನಷ್ಟೇ ತೋರಿಸುವ ಸಿಸ್ಟಮ್‌ನ ಸುತ್ತ ದಾರಿ ಹುಡುಕುವುದನ್ನು ಜನ ಎರಡೇ ವಾರದಲ್ಲಿ ಕಲಿಯುತ್ತಾರೆ. ‘ಪೆಟ್ಟಿಗೆ 3 ಮತ್ತು 7 ಒಂದೇ ಪ್ಯಾಲೆಟ್‌ನಲ್ಲಿವೆ, ಒಂದು 5.1, ಇನ್ನೊಂದು 3. 7ನ್ನು ಬೇರೆ ಪ್ಯಾಲೆಟ್‌ಗೆ ಹಾಕಿದರೆ ಸರಿಹೋಗುತ್ತದೆ’ ಎಂದರೆ ಜಗಳವೇ ಇಲ್ಲ.

ಆದರೆ ಮೈಸಿನ್‌ನ ಇನ್ನೊಂದು ಗುಣವನ್ನು ಇಲ್ಲಿಗೆ ತರಬೇಡಿ. ಅದು ಪ್ರತಿ ತೀರ್ಮಾನಕ್ಕೂ ಎಷ್ಟು ಖಚಿತ ಎಂಬ ಅಂಕ ಕೊಡುತ್ತಿತ್ತು. ರೋಗ ಪತ್ತೆಯಲ್ಲಿ ಅದಕ್ಕೆ ಅರ್ಥವಿದೆ. ‘ಈ ಲೋಡ್ ಶೇ 80ರಷ್ಟು ನಿಯಮಬದ್ಧ’ ಎಂಬ ಮಾತಿಗೆ ಯಾವ ಅರ್ಥವೂ ಇಲ್ಲ.

ಹಳೆಯ ದುರಂತಗಳನ್ನೇ ಪರೀಕ್ಷೆಗೆ ಹಾಕಿ

ಸಿಸ್ಟಮ್ ತಯಾರಾದ ಮೇಲೆ ಸರಿಯಾದ ಲೋಡ್‌ಗಳನ್ನೇ ತುಂಬಿಸಿ ಸಂತೋಷಪಡಬೇಡಿ. ಕೌಂಟರಿನಿಂದ ವಾಪಸ್ ಬಂದ ನಿಮ್ಮದೇ ಹಳೆಯ ಕಾಗದಗಳನ್ನು ಒಂದೊಂದಾಗಿ ಹಾಕಿ. ಪ್ರತಿ ಕಾಲಂ ಅನ್ನೂ ಸರದಿಯಲ್ಲಿ ಖಾಲಿ ಬಿಟ್ಟು ನೋಡಿ. ಒಮ್ಮೆಯಾದರೂ ಒಪ್ಪಿಗೆ ಬಂದರೆ ಅಲ್ಲಿ ರಂಧ್ರವಿದೆ. ವ್ಯಾಲ್ಯೂಜೆಟ್‌ನ ಕಾಗದದಲ್ಲಿದ್ದಂತೆ ‘ಆಮ್ಲಜನಕ ಡಬ್ಬಿ, ಖಾಲಿ’ ಎಂದು ಹಾಕಿದಾಗ ಅದು ಖಾಲಿ ಎಂಬುದಕ್ಕೆ ಪುರಾವೆ ಕೇಳುತ್ತದೆಯೇ ನೋಡಿ.

ಸಿಸ್ಟಮ್‌ಗೆ ಕಾಣದ್ದೂ ಇದೆ. 1973ರ ನವೆಂಬರ್ 3ರಂದು ಬಾಸ್ಟನ್‌ನಲ್ಲಿ ಇಳಿಯಲು ಬರುತ್ತಿದ್ದ ಪ್ಯಾನ್ ಆ್ಯಮ್ ಸರಕು ವಿಮಾನ ಹೊಗೆ ತುಂಬಿ ಬಿದ್ದು ಮೂವರು ಸಿಬ್ಬಂದಿ ಸತ್ತರು. ನೈಟ್ರಿಕ್ ಆಸಿಡ್ ಬಾಟಲಿಗಳ ಸುತ್ತ ಮರದ ಹೊಟ್ಟು ತುಂಬಿದ್ದರು. ಆಸಿಡ್ ಸೋರಿ ಹೊಟ್ಟಿಗೆ ತಗುಲಿ ಹೊಗೆ ಎದ್ದಿತೆಂಬುದು ತನಿಖೆಯ ನಿಲುವು. ಪೆಟ್ಟಿಗೆಯೊಳಗಿನ ಹೊಟ್ಟು ಯಾವ ದಾಖಲೆಯಲ್ಲೂ ಕಾಣುವುದಿಲ್ಲ. ಅದಕ್ಕೇ ಪ್ಯಾಕ್ ಮಾಡುವ ಮೇಜಿನ ಬಳಿ ಒಂದು ಮೊಬೈಲ್ ಇಟ್ಟು, ಮುಚ್ಚುವ ಮೊದಲು ಒಳಗಿನ ಫೋಟೊ ತೆಗೆದು ದಾಖಲೆಗೆ ಸೇರಿಸದ ಹೊರತು ‘ಪ್ಯಾಕಿಂಗ್ ಸರಿಯಿದೆ’ ಎಂಬ ಕಾಲಂ ತೆರೆಯದ ಹಾಗೆ ಮಾಡಿ.

ಸಹಿ ಮತ್ತು ಜನವರಿ ಒಂದು

ಸಿಸ್ಟಮ್ ಕೊಡುವುದು ಕರಡು ಮಾತ್ರ. ಸರಕು ಕಳುಹಿಸುವವರು ಅದರ ವಿವರ ಘೋಷಿಸುವ, ಕೆಂಪು ಪಟ್ಟೆಗಳ ಅಂಚಿನ ಡಿಕ್ಲರೇಷನ್‌ಗೆ ಸಹಿ ಹಾಕುವವರು ಈ ವಿಷಯದಲ್ಲಿ ತರಬೇತಿ ಪಡೆದವರಾಗಿರಬೇಕು, 24 ತಿಂಗಳೊಳಗೆ ಅದನ್ನು ನವೀಕರಿಸಿಕೊಂಡಿರಬೇಕು. ತರಬೇತಿಯ ಅವಧಿ ಮುಗಿದವರ ಹೆಸರಿಗೆ ಸಿಸ್ಟಮ್ ಮುದ್ರಣವನ್ನೇ ಕೊಡದಂತೆ ಮಾಡುವುದು ಸುಲಭ, ಮಾಡಿಬಿಡಿ. ನಿಮ್ಮ ಕರಡು ಮುಂದೆ ವಿಮಾನ ಸಂಸ್ಥೆಯ ಪರಿಶೀಲನೆ ದಾಟಿ, ಕೊನೆಗೆ ಯಾವ ಸರಕು ಎಲ್ಲಿದೆ ಎಂಬ ಸೂಚನಾ ಪತ್ರವಾಗಿ ಪೈಲಟ್ ಕೈ ಸೇರುತ್ತದೆ.

ಪ್ರತಿ ನಿಯಮದ ಮುಂದೆ ಅದು ಜಾರಿಗೆ ಬಂದ ದಿನಾಂಕ, ಪುಸ್ತಕದ ಆವೃತ್ತಿ ಬರೆದಿಡಿ. ಉಪಕರಣದ ಜೊತೆ ಪ್ಯಾಕ್ ಮಾಡಿದ ಲಿಥಿಯಂ ಅಯಾನ್ ಬ್ಯಾಟರಿಗಳಿಗೂ ಶೇ 30ರ ಚಾರ್ಜ್ ಮಿತಿ 2025ರಲ್ಲಿ ಸಲಹೆಯಾಗಿತ್ತು, 2.7 ವ್ಯಾಟ್-ಅವರ್ ಮೀರಿದವುಗಳಿಗೆ 2026ರ ಜನವರಿ 1ರಿಂದ ಕಡ್ಡಾಯವಾಯಿತು. ಡಿಸೆಂಬರ್ ಕೊನೆಯ ವಾರದಲ್ಲಿ ಪ್ಯಾಕ್ ಆಗಿ ಜನವರಿಯಲ್ಲಿ ಹಾರುವ ಪೆಟ್ಟಿಗೆಗೆ ಯಾವ ವರ್ಷದ ನಿಯಮ ಎಂಬ ಗೊಂದಲ ಬಂದೇ ಬರುತ್ತದೆ. ಪ್ಯಾಕ್ ಮಾಡಿದ ದಿನ ಬಿಟ್ಟು, ವಿಮಾನ ಹೊರಡುವ ದಿನವನ್ನು ಹಿಡಿದು ಲೆಕ್ಕ ಹಾಕುವಂತೆ ಸಿಸ್ಟಮ್‌ಗೆ ಹೇಳಿ. ಹಳೆಯ ವರ್ಷದ ನಿಯಮಗಳನ್ನು ಅಳಿಸದೆ ಬೇರೆ ಕಡತದಲ್ಲಿಡಿ. ಕಳೆದ ವರ್ಷದ ರವಾನೆಯ ಬಗ್ಗೆ ಯಾರಾದರೂ ವಿವರ ಕೇಳಿದಾಗ ಅಂದಿನ ನಿಯಮವನ್ನೇ ತೋರಿಸಬೇಕಾಗುತ್ತದೆ.